ಹೆಸರು ಕೊರೆದ ನಲವತ್ತು ಡಬ್ಬಿ

ಹುಮನಾಬಾದಿನ ಬಜಾರದಲ್ಲಿ ಚಹಾದಂಗಡಿ ಇಟ್ಟಿದ್ದ ಮಹೆಬೂಬ ತಾನು ಕಂಡದ್ದನ್ನು ತನ್ನೊಳಗೇ ಇಟ್ಟುಕೊಂಡಿದ್ದರೆ ಆ ದಿನ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಅವನು ಬಸವಕಲ್ಯಾಣದಲ್ಲಿದ್ದ ಅಕ್ಕನ ಗಂಡ ನಸೀರನಿಗೆ ಫೋನು ಮಾಡಿದ.

“ಭಾಯಿ, ಎದುರಿನ ಭಾಂಡಿ ಅಂಗಡಿಗೆ ಸಾಹೇಬ್ರು ಬಂದಾರ. ಡಬ್ಬಿ ಎತ್ತಿ ಎತ್ತಿ ತಳ ನೋಡಾಕತ್ತಾರ. ಐಎಸ್‌ಐ ಮಾರ್ಕ್ ಇಲ್ಲದ ಮಾಲು ಇನ್ನ ಮಾರಂಗಿಲ್ಲಂತ. ಹೊರಗ ಟೆಂಪೋದಾಗ ಭಾಂಡಿ ತುಂಬಾಕತ್ತಾರ. ಮುಂದ ಕಲ್ಯಾಣಕ್ಕ ಬರ್ತಾರಂತ!”

ಖಾಲಿ ಡಬ್ಬಿಗೆ ಬಿದ್ದ ಕಡಲೆಕಾಳಿನ ಹಾಗೆ ನಸೀರನ ಎದೆ ಸದ್ದು ಮಾಡತೊಡಗಿತು. ಅವನದೂ ಪಾತ್ರೆ-ಭಾಂಡಿ ಅಂಗಡಿಯೇ. ಕುಕ್ಕರು, ತಾಟು, ತಂಬಿಗೆ ಎಲ್ಲದರ ತಳದಲ್ಲೂ ಮಾರ್ಕ್ ಇತ್ತು. ಇಲ್ಲದಿದ್ದದ್ದು ನಲವತ್ತು ಸ್ಟೀಲ್ ಡಬ್ಬಿಗಳಿಗೆ. ಆ ನಲವತ್ತು ಡಬ್ಬಿ ಮುಡಬಿಯ ಬಸವಣಪ್ಪನ ಮಗಳ ಮದುವೆಗೆ ಹೇಳಿಟ್ಟ ಮಾಲು. ಸಂಜೆ ನಾಲ್ಕಕ್ಕೆ ಅವನು ಒಯ್ಯಲು ಬರುವವನಿದ್ದ. ಬಸವಣಪ್ಪನ ಬಳಗದಲ್ಲಿ ಈ ವರ್ಷ ಇನ್ನೂ ಐದು ಮದುವೆ. ಇವತ್ತು ಡಬ್ಬಿ ಕೊಟ್ಟರೆ ಆ ಐದೂ ನಸೀರನವು, ಕೊಡದಿದ್ದರೆ ಒಂದೂ ಇಲ್ಲ.

ಅವನು ಒಬ್ಬನೇ ಹೆದರಿದ್ದರೆ ನಡೆಯುತ್ತಿತ್ತು. ಆದರೆ ಫೋನು ಸ್ಪೀಕರಿನಲ್ಲಿತ್ತು. ಕರೆಂಟು ಹೋದಾಗ ಹೊರಗೆ ಬರುವ ಹಾಗೆ ಓಣಿಯೆಲ್ಲ ಹೊರಗೆ ಬಂತು.

ಮೊದಲು ಬಂದವನು ಪಕ್ಕದ ಟೇಲರ್ ನರಸಿಂಗ. ಒಮ್ಮೆ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದಮೇಲೆ ಅವನಿಗೆ ಕಾನೂನೆಲ್ಲ ಬಾಯಿಪಾಠವಾಗಿತ್ತು. “ನಸೀರ್ ಭಾಯಿ, ನಿನ್ನ ಹಂತ್ಯಾಕ ಹೆಸರು ಕೊರಿಯೋ ಮಷೀನ್ ಅದಲ್ಲ? ತಳದಾಗ ಐಎಸ್‌ಐ ಅಂತ ಮೂರು ಅಕ್ಷರ ಕೊರದು ಬಿಡು. ಮುಗೀತು.”

“ತೋಬಾ!” ನಸೀರ ಎರಡೂ ಕಿವಿ ಹಿಡಿದುಕೊಂಡ. “ಸುಳ್ಳು ಛಾಪ ನನ್ನ ಕೈಲೆ ಆಗಂಗಿಲ್ಲ. ಮ್ಯಾಲೆ ಒಬ್ಬಾವ ನೋಡಾಕತ್ತಾನ.”

“ಮ್ಯಾಲಿನಾವ ನೋಡ್ಲಿ, ಜೀಪಿನ್ಯಾಗ ಬರಾವ ನೋಡಿದ್ರ ಹ್ಯಾಂಗ?” ಎನ್ನುತ್ತ ಎದುರು ಮನೆಯ ಲಲಿತಾಬಾಯಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಅಂಗನವಾಡಿಯಲ್ಲಿ ಮೂವತ್ತು ವರ್ಷ ದುಡಿದವರು. ಓಣಿಯನ್ನೂ ಅಂಗನವಾಡಿಯ ಹಾಗೆಯೇ ನಡೆಸುತ್ತಿದ್ದರು. “ನಸೀರಾ, ಸಾಹೇಬ ನೋಡೂದು ಮಾರೋ ಮಾಲು ಅಲ್ಲೇನು? ನನ್ನ ಅಡಗಿಮನಿ ಡಬ್ಬಿ ನೋಡ್ತಾನೇನು?”

“ಇಲ್ಲ ಕಾಕು.”

“ಮತ್ತ? ಒಂದೊಂದು ಡಬ್ಬಿ ಮ್ಯಾಲ ಒಬ್ಬೊಬ್ಬರ ಹೆಸರು ಹಾಕು. ಹೆಸರು ಬಿತ್ತಂದ್ರ ಅದು ಮಾಲಲ್ಲ, ಮನಿ ಭಾಂಡಿ. ಮನೀಗೆ ಒಯ್ದು ಇಟಗೋತೀವಿ. ಜೀಪ್ ಹೋದಮ್ಯಾಲ ತಂದು ಕೊಡ್ತೀವಿ.”

“ಹೆಸರು ಕೊರದದ್ದು ಬಸವಣಪ್ಪಗ ಹ್ಯಾಂಗ ಕೊಡ್ಲಿ?”

“ಪಾಲಿಶ್ ಹೊಡದ್ರ ಹೋಗ್ತದಲ್ಲೋ! ಮೊದಲ ಜೀಪ್ ಹೋಗ್ಲಿ.”

ನರಸಿಂಗನೂ ತಲೆಯಾಡಿಸಿದ. ಕಾನೂನು ಇದನ್ನು ಒಪ್ಪುತ್ತದೆ ಎಂದ.

ಮಷೀನು ಕೊಡದಲ್ಲಿ ಸಿಕ್ಕ ದುಂಬಿಯ ಹಾಗೆ ಗುಂಯ್‌ಗುಟ್ಟತೊಡಗಿತು. ಅಂಗಡಿಯ ಮುಂದೆ ಸಾಲು ಹತ್ತಿತು. ಹೆಸರು ಬರೀ ತೋರಿಕೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸ್ವಂತ ಹೆಸರು ಬಂದಾಗ ಯಾರೂ ತೋರಿಕೆಗೆ ಒಪ್ಪಲಿಲ್ಲ. ರತ್ನಮಾಲಾ ತನ್ನ ಹೆಸರಿನ ಮುಂದೆ ‘ಶ್ರೀಮತಿ’ ಬೇಕೆಂದಳು. ಅತಿಯಾ ಹೆಸರಿನ ಕೆಳಗೆ ಒಂದು ಹೂವು ಬೇಕೆಂದಳು, ರತ್ನಮಾಲಾಳ ಹೂವಿಗಿಂತ ದೊಡ್ಡದು. ರತ್ನಮಾಲಾಳದಕ್ಕೆ ಹೂವೇ ಇರಲಿಲ್ಲ. ಹಾಗಾಗಿ ಅವಳು ತಿರುಗಿ ಬಂದು ಒಂದು ಹೂವು ಹಾಕಿಸಿಕೊಂಡಳು.

ಸೋನುಬಾಯಿಯದು ಬೇರೆಯೇ ತಕರಾರು. “ನನ್ನ ಹೆಸರು ಬ್ಯಾಡೋ ಯಪ್ಪಾ, ನಮ್ಮ ಮನಿಯವರ ಹೆಸರು ಹಾಕು.”

“ಏನು ಅವರ ಹೆಸರು?”

“ಗಂಡನ ಹೆಸರು ನಾ ಹ್ಯಾಂಗ ಹೇಳ್ಲಿ? ನೀನೇ ತಿಳಕೋ.”

“ಕಾಕು, ಜೀಪ್ ಬರಾಕತ್ತದ!”

“ಪಂಢರಪುರದಾಗ ಇಟ್ಟಂಗಿ ಮ್ಯಾಲ ನಿಂತಾರಲ್ಲ, ಅವರ ಹೆಸರೇ.”

“ವಿಠಲ!” ಎಂದು ಸಾಲಿಗೆ ಸಾಲೇ ಕೂಗಿತು. ಸೋನುಬಾಯಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಲವತ್ತನೆಯ ಡಬ್ಬಿ ಮನೆ ಮುಟ್ಟುವುದಕ್ಕೂ ಜೀಪು ಓಣಿಯ ತಿರುವಿಗೆ ಬರುವುದಕ್ಕೂ ಸರಿಹೋಯಿತು.

ಇಳಿದ ಸಾಹೇಬರು ಸಣ್ಣ ಆಳು, ಮೆತ್ತನೆ ದನಿ. ಅವರು ಒಂದೊಂದೇ ಪಾತ್ರೆ ಎತ್ತಿದರು, ತಳ ನೋಡಿದರು, ಇಟ್ಟರು. ಮುಖ ಅರಳಿತು.

“ಬೆಳಿಗ್ಗೆಯಿಂದ ಎಂಟು ಅಂಗಡಿ ನೋಡಿದೆ. ಇಷ್ಟು ಚೊಕ್ಕ ಅಂಗಡಿ ಒಂದೂ ಇಲ್ಲ.”

“ನಿಮ್ಮ ದುವಾ, ಸಾಹೇಬ್ರ,” ಎಂದ ನಸೀರ. ಅವನ ಬೆನ್ನಿನ ಬೆವರು ಪೈಜಾಮದವರೆಗೆ ಇಳಿದಿತ್ತು.

ಸಾಹೇಬರು ಒಂದು ಫಾರ್ಮು ತೆಗೆದರು. “ಹೆದರಬ್ಯಾಡ್ರಿ. ನಾವು ಮಾಲು ಒಯ್ಯಾಕ ಬಂದಿಲ್ಲ. ಮಾರ್ಕ್ ಇಲ್ಲದ ಹಳೇ ಮಾಲು ಎಷ್ಟು ಅದ ಅಂತ ಇದರಾಗ ಬರದು ಕೊಟ್ರ ಅಷ್ಟು ಮಾರಿ ಮುಗಿಸಾಕ ಟೈಮ್ ಕೊಡ್ತೀವಿ. ಬರೀದೆ ಇಟ್ಟದ್ದು ಸಿಕ್ರ ಮಾತ್ರ ಕೇಸು. ನಿಮ್ಮದು ಎಷ್ಟು?”

ನಸೀರ ನಲವತ್ತು ಡಬ್ಬಿ ಇದ್ದ ಖಾಲಿ ಕಟ್ಟೆಯ ಕಡೆ ನೋಡಿದ. “ಹುಮನಾಬಾದಿನ್ಯಾಗ ಟೆಂಪೋ ತುಂಬಿದ್ರಂತಲ್ರಿ?”

“ಅದಾ? ಅಂಗಡಿಯವರು ಯಾರದೋ ಮದುವೆಗೆ ಮಾಲು ಕಳಸಾಕತ್ತಿದ್ರು. ನಮಗೇನು ಸಂಬಂಧ?”

ನಲವತ್ತು ಎಂದು ಹೇಳಲು ನಸೀರ ಬಾಯಿ ತೆರೆದ. ಆದರೆ ಎಲ್ಲಿವೆ ತೋರಿಸು ಅಂದರೆ? ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ನರಸಿಂಗ ಎದೆ ತಟ್ಟಿ ಹೇಳಿದ: “ಸೊನ್ನಿ ಬರೀರಿ ಸಾಹೇಬ್ರ! ಇದು ಕಲ್ಯಾಣ. ಇಲ್ಲಿ ಖೋಟಾ ವ್ಯವಹಾರ ಇಲ್ಲ.”

ಸಾಹೇಬರು ಸೊನ್ನೆ ಬರೆದರು. ಸುಳ್ಳು ಛಾಪು ಹಾಕಲಾರೆನೆಂದ ಕೈ ಆ ಸುಳ್ಳು ಸೊನ್ನೆಯ ಕೆಳಗೆ ಸಹಿ ಹಾಕಿತು.

ಇನ್ನು ಚಹಾ ಕುಡಿದು ಅವರು ಹೊರಡಬೇಕು. ಆದರೆ ಸಾಹೇಬರು ಮಾಲು ಒಯ್ಯಲು ಬಂದಿಲ್ಲ ಎಂಬ ಒಳ್ಳೆಯ ಸುದ್ದಿ ಚಹಾಕ್ಕಿಂತ ಮೊದಲೇ ಓಣಿ ಮುಟ್ಟಿತ್ತು. ಓಣಿಯ ಜನ ಒಳ್ಳೆಯವರು. ಪರರ ಮಾಲು ಒಂದು ಗಳಿಗೆ ಹೆಚ್ಚು ಇಟ್ಟುಕೊಳ್ಳುವವರಲ್ಲ. ಲಲಿತಾಬಾಯಿ ಮುಂದೆ, ಅವರ ಹಿಂದೆ ಸಾಲು, ಎಲ್ಲರ ಬಗಲಲ್ಲೂ ಒರೆಸಿ ಥಳಥಳ ಮಾಡಿದ ಡಬ್ಬಿ.

ಸಾಹೇಬರು ಕಪ್ಪು ಕೆಳಗಿಟ್ಟು ಒಂದು ಡಬ್ಬಿ ತಿರುಗಿಸಿ ನೋಡಿದರು. ಇನ್ನೊಂದು ನೋಡಿದರು. ಅವರ ಮುಖ ಮಡಚಿಕೊಂಡಿತು.

“ಇವಕ್ಕ ಮಾರ್ಕ್ ಇಲ್ಲ. ಯಾರವು ಇವು?”

ನಲವತ್ತು ಜನ ನಸೀರನನ್ನು ನೋಡಿದರು. ನಸೀರ ಸೊನ್ನೆಯನ್ನು ನೋಡಿದ.

“ಅವರವೇ ಸಾಹೇಬ್ರ. ಹೆಸರು ಅದ ನೋಡ್ರಿ.”

ಸಾಹೇಬರು ಹಾಜರಿ ಕರೆದಂತೆ ಓದಿದರು. “ಶ್ರೀಮತಿ ರತ್ನಮಾಲಾ?” “ನಂದೇರಿ.” “ಅತಿಯಾ, ಹೂವು?” “ಜೀ.” “ವಿಠಲ?” ಸೋನುಬಾಯಿ ಬಾಯಿ ಬಿಡದೆ ಬರೀ ಗೋಣು ಹಾಕಿದಳು.

“ಮನಿ ಭಾಂಡಿ ಇಲ್ಲಿಗೆ ಯಾಕ ತಂದ್ರಿ?”

“ಸಾಹೇಬ್ರು ಭಾಂಡಿ ನೋಡಾಕತ್ತಾರಂತ ತಿಳೀತು, ನಮ್ಮವೂ ನೋಡ್ಲಿ ಅಂತ,” ಎಂದರು ಲಲಿತಾಬಾಯಿ ಉಸಿರು ತಪ್ಪದೆ.

“ಅಂಗಡಿಯವರೇ, ಇವುಗಳ ಮ್ಯಾಲ ನಿಮ್ಮ ಹಕ್ಕು ಏನೂ ಇಲ್ಲ?”

“ಏನೂ ಇಲ್ರಿ.” ನಸೀರ ಡಬ್ಬಿಗಳ ಕಡೆ ನೋಡದೆ ಹೇಳಿದ.

“ನಾಳೆ ಈ ಅಂಗಡಿಯಾಗ ಒಂದು ಕಂಡ್ರೂ ಕೇಸು. ಬರೀರಿ: ನಲವತ್ತೂ ಅವರವರವೇ.”

ಅದಕ್ಕೂ ನಸೀರ ಸಹಿ ಹಾಕಿದ. ನರಸಿಂಗ ಸಾಕ್ಷಿ ಹಾಕಿದ. ಸಾಕ್ಷಿ ಹಾಕುವಾಗ ಅವನ ಮುಖ ಮದುಮಗನ ಮುಖದ ಹಾಗೆ ಬೆಳಗುತ್ತಿತ್ತು.

ಜೀಪು ಹೋಯಿತು. ಲಲಿತಾಬಾಯಿಯ ಕಣ್ಣು ಒದ್ದೆಯಾಗಿತ್ತು. “ನಾವು ಹೊಳ್ಳಿ ಕೊಡಾಕ ಬಂದಿದ್ದಿವಿ. ಸರಕಾರದ ಮುಂದ ನಮ್ಮವೇ ಅಂದಿ. ಎಂಥ ಮನಸೋ ನಸೀರಾ ನಿಂದು! ನಿಮ್ಮಪ್ಪನೂ ಇಷ್ಟು ದೊಡ್ಡಾವ ಇರಲಿಲ್ಲ.”

ನಲವತ್ತು ಬಾಯಿ ಅವನನ್ನು ಹರಸಿದವು. ನಲವತ್ತು ಡಬ್ಬಿ ಮನೆಗೆ ಹೋದವು.

ನಾಲ್ಕಕ್ಕೆ ಬಸವಣಪ್ಪ ಬಂದ. ಖಾಲಿ ಕಟ್ಟೆ ನೋಡಿದ. “ಏನ್ ನಸೀರ್ ಭಾಯಿ, ಮದುವಿಗೆ ಹೇಳಿದ ಮಾಲು ಬ್ಯಾರೆಯವರಿಗೆ ಕೊಟ್ರಂತಲ್ಲ! ಬಸ್‌ಸ್ಟ್ಯಾಂಡಿನ್ಯಾಗ ಎಲ್ಲಾರೂ ನಿಮ್ಮ ಧರ್ಮದ ಮಾತೇ ಆಡಾಕತ್ತಾರ.” ಅವನು ಆಟೋ ಹತ್ತಿ ಸೀದಾ ಹುಮನಾಬಾದಿಗೆ ಹೋದ. ಅಲ್ಲಿ ಮಾರ್ಕ್ ಇಲ್ಲದ ಅಂಥವೇ ಡಬ್ಬಿ, ಫಾರ್ಮಿನಲ್ಲಿ ಬರೆಸಿಟ್ಟವು, ಧಾರಾಳ ಸಿಕ್ಕವಂತೆ. ಉಳಿದ ಐದು ಮದುವೆಯ ಭಾಂಡಿಯನ್ನೂ ಅಲ್ಲೇ ಹೇಳಿ ಬಂದನಂತೆ.

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ನಸೀರ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಅನ್ವರಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಎಂದಿಗಿಂತ ಜೋರಾಗಿ. ಆಗ ಬಾಗಿಲು ಬಡಿಯಿತು. ಲಲಿತಾಬಾಯಿ! ಕೈಯಲ್ಲಿ ಹೊಸ ಡಬ್ಬಿ, ಅದರ ತುಂಬ ಬಿಸಿಬಿಸಿ ಗೋಧಿ ಹುಗ್ಗಿ.

“ತಗೋ ಅನ್ವರಿ. ನಿನ್ನ ಗಂಡನ ಪುಣ್ಯಕ್ಕ ನಮ್ಮ ಕಡಿಯಿಂದ ಇಷ್ಟು.”

ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

“ಡಬ್ಬಿ ತೊಳದು ನಾಳೆ ಹೊಳ್ಳಿ ಕಳಸು, ಮರೀಬ್ಯಾಡ. ನನ್ನ ಹೆಸರು ಅದ ಅದರ ಮ್ಯಾಲ.”