ಚಿತ್ರಕ್ಕೆ ಎಂಟು, ಧ್ವನಿಗೆ ಐದೂವರೆ

ಬೈರಿದೇವರಕೊಪ್ಪದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ ವರ್ಷಗಳಲ್ಲಿ ನಗದೆ ಬಾಗಿಲು ಹಾಕಿದ ದಿನ ಒಂದೂ ಇರಲಿಲ್ಲ. ತೆರೆಯ ಮೇಲಿನ ಹಾಸ್ಯಗಾರರು ನನ್ನನ್ನು ಅಷ್ಟೇನೂ ನಗಿಸಲಿಲ್ಲ. ಡಿಸ್ಕು ವಾಪಸು ತಂದವರು ನಗಿಸಿದರು.

ಅದಕ್ಕೂ ಮೊದಲು ನಾನು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ‘ಅಕ್ಕಾರು’ ಎನ್ನುತ್ತಾರೆ. ನಾನು ಶಾಲೆ ಬಿಟ್ಟರೂ ಆ ಹೆಸರು ನನ್ನನ್ನು ಬಿಡಲಿಲ್ಲ, ಅಂಗಡಿಗೂ ‘ಅಕ್ಕಾರ ಅಂಗಡಿ’ ಎಂದೇ ಆಯಿತು. ಇನ್ನೊಂದು ಬಿಡದೇ ಇದ್ದದ್ದು ಅಂಕ ಕೊಡುವ ಚಟ. ಒಂದೇ ಸಿನಿಮಾವನ್ನು ಎರಡು ಮೂರು ಕಂಪನಿಗಳು ಹೊರಗೆ ತರುತ್ತಿದ್ದ ಕಾಲ ಅದು. ಒಂದರಲ್ಲಿ ನಾಯಕಿಯ ಮುಖ ಬೆಣ್ಣೆಯಂತಿದ್ದರೆ ಇನ್ನೊಂದರಲ್ಲಿ ಅದೇ ಮುಖ ಕಾಮಾಲೆ ಬಂದವರಂತೆ. ನಾನು ಎಲ್ಲವನ್ನೂ ತರಿಸಿ, ಒಂದೇ ದೃಶ್ಯವನ್ನು ಮೂರರಲ್ಲೂ ಹಾಕಿ ನೋಡಿ, ಹೊದಿಕೆಯ ಮೇಲೆ ಕೆಂಪು ಪೆನ್ನಿನಿಂದ ಬರೆಯುತ್ತಿದ್ದೆ. ‘ಚಿತ್ರಕ್ಕೆ ಎಂಟು, ಧ್ವನಿಗೆ ಐದೂವರೆ.’ ಹತ್ತಕ್ಕೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು, “ಮೂರನೇ ಸಲಾನೂ ಅಂವ ಅದೇ ಬಾವ್ಯಾಗ ಬೀಳ್ತಾನೇನು? ಸ್ವಲ್ಪರೆ ಬುದ್ಧಿ ಬ್ಯಾಡೇನು?” ಎನ್ನುತ್ತಿದ್ದರು.

ನಾನು ಕೊಟ್ಟ ಅಂಕವನ್ನು, ಒಂದೇ ಒಂದು ಸಲ ಬಿಟ್ಟರೆ, ಹುಬ್ಬಳ್ಳಿ-ಧಾರವಾಡದಲ್ಲಿ ಯಾರೂ ಸುಳ್ಳು ಮಾಡಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಪ್ರಯತ್ನ ಮಾಡಿದವರೇನೂ ಕಡಿಮೆ ಇರಲಿಲ್ಲ.

೧. ಕೆಂಪು ಅಂದರೆ ಇದು

ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಸಾವಕಾರರೊಬ್ಬರು ಒಂದು ಮಧ್ಯಾಹ್ನ ಡಿಸ್ಕು ಹಿಡಿದುಕೊಂಡು ಬಂದರು.

“ಅಕ್ಕಾರ, ಚಿತ್ರಕ್ಕ ಒಂಬತ್ತು ಅಂತ ಬರದೀರಿ. ಇದರಾಗ ಕೆಂಪು ಎಲ್ಲೈತ್ರಿ?”

“ಹಾಡಿನ್ಯಾಗ ಆಕಿ ಉಟ್ಟಿದ್ದು ಕೆಂಪು ಸೀರೀನೇ ಅಲ್ರೀ?”

ಸಾವಕಾರರು ಅಂಗಿಯ ಕಿಸೆಗೆ ಕೈಹಾಕಿ ಒಂದು ಒಣ ಮೆಣಸಿನಕಾಯಿ ತೆಗೆದರು. “ಕೆಂಪು ಅಂದ್ರ ಇದು.”

ನನಗೂ ಛಲ ಬಂತು. ಆ ಸಿನಿಮಾದ ಮೂರೂ ಕಂಪನಿಯ ಡಿಸ್ಕುಗಳನ್ನು ಇಳಿಸಿ, ಅದೇ ಹಾಡನ್ನು ಒಂದಾದ ಮೇಲೊಂದು ಹಾಕಿದೆ. ಅವರು ಎದ್ದು ಹೋಗಿ ಟೀವಿಯ ಗಾಜಿಗೆ, ಸರಿಯಾಗಿ ನಾಯಕಿಯ ಸೆರಗಿನ ಪಕ್ಕದಲ್ಲಿ, ಮೆಣಸಿನಕಾಯಿ ಹಿಡಿದು ನಿಂತರು. ಆಕೆ ಓಡಿದ ಕಡೆಗೆ ಮೆಣಸಿನಕಾಯಿಯೂ ಓಡಿತು.

ನಾನು ಐದು ಅಂಕ ಕೊಟ್ಟಿದ್ದ ಮೊದಲನೆಯದನ್ನು ನೋಡಿ, “ಇದು ಹ್ವಾದ ವರ್ಷದ ಮಾಲು” ಅಂದರು. ನಾಯಕನ ಹಲ್ಲುಗಳೂ ಗುಲಾಬಿಯಾಗಿ ಕಾಣುತ್ತವೆ ಎಂದು ನಾನು ನಾಲ್ಕೇ ಕೊಟ್ಟಿದ್ದ ಎರಡನೆಯದನ್ನು ನೋಡಿ ಗಾಜಿನ ಮೇಲೆ ಬೆರಳಾಡಿಸಿದರು, ಬೆರಳಿನ ತುದಿ ನೋಡಿಕೊಂಡರು. “ಇದನ್ನ ಯಾರಿಗೂ ಕೊಡಬ್ಯಾಡ್ರಿ ಅಕ್ಕಾರ. ಬಣ್ಣ ಕಲಸ್ಯಾರ.” ನನ್ನ ಅಂಕಕ್ಕೂ ಅವರ ಅನುಭವಕ್ಕೂ ತಾಳೆಯಾಗುತ್ತ ಬಂದದ್ದು ಕಂಡು ನನಗೆ ಒಳಗೊಳಗೇ ಖುಷಿ.

ಮೂರನೆಯದು ತಕರಾರಿನ ಡಿಸ್ಕು. ಬಹಳ ಹೊತ್ತು ನೋಡಿದರು.

“ಮಾಲು ನಂಬರ್ ಒನ್ ಐತಿ. ನಿಮ್ಮ ಒಂಬತ್ತು ಖರೇ. ಆದ್ರ ತ್ಯಾವ ಐತಿ.”

“ಸಾವಕಾರ, ಆಕಿ ಮಳ್ಯಾಗ ಕುಣ್ಯಾಕತ್ತಾಳ್ರೀ!”

ಅವರು ಮೆಣಸಿನಕಾಯಿಯನ್ನು ಕಿಸೆಗೆ ಇಟ್ಟುಕೊಂಡು ಚಪ್ಪಲಿ ಮೆಟ್ಟಿದರು. “ಹಂಗಿದ್ರ ಒಣಗಿದಮ್ಯಾಲ ಹೇಳಿ ಕಳಿಸ್ರಿ. ಒಯ್ತೇನಿ.”

೨. ಫಳಫಳ

ನಮ್ಮ ಓಣಿಯ ಒಬ್ಬ ಗೃಹಿಣಿಗೆ, ಡಿಸ್ಕಿನ ಮೇಲೆ ಬೆರಳಿನ ಕಲೆ ಇದ್ದರೆ ಚಿತ್ರ ನಿಂತು ನಿಂತು ಬರುತ್ತದೆ, ಸ್ವಚ್ಛ ಒರೆಸಿಕೊಳ್ಳಬೇಕು ಎಂದು ಹೇಳಿದ್ದೆ. ಹೇಳಿದ್ದು ನನ್ನದೇ ತಪ್ಪು. ಮರುದಿನ ಆಕೆ ತಂದ ಡಿಸ್ಕಿನ ಮೇಲೆ ವರ್ತುಲ ವರ್ತುಲವಾಗಿ ಗೀರುಗಳು.

“ಏನ್ ಮಾಡಿದ್ರಿ ಇದಕ್ಕ?”

“ಬರೇ ಒರಸಿದ್ರ ಎಲ್ಲಿ ಹೋಗ್ತೈತ್ರಿ ಅಕ್ಕಾರ? ಹುಣಸಿಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿಲೆ ತಿಕ್ಕೇನಿ.”

“ಚಿತ್ರ ಬಂತೇನು ಆಮ್ಯಾಲ?”

“ಟೀವ್ಯಾಗ ಬರ್ಲಿಲ್ರಿ” ಎಂದು ಆಕೆ ಡಿಸ್ಕನ್ನು ತಿರುಗಿಸಿ, ಗೀರು ಬೀಳದೆ ಉಳಿದಿದ್ದ ನಡುವಿನ ಭಾಗವನ್ನು ನನ್ನ ಮುಖದ ಎದುರು ಹಿಡಿದಳು. “ಆದ್ರ ಇಲ್ಲೆ ನೋಡ್ರಿ, ನಿಮ್ಮ ಮೂಗಿನ ನತ್ತು ಸೈತ ಕಾಣ್ತೈತಿ. ಚಿತ್ರಕ್ಕ ಹತ್ತು ಕೊಡ್ರಿ.”

೩. ತಂಬಿಗೆಯ ಜಗಳ

ವೀಸಿಡಿ ಹೋಗಿ ಡೀವಿಡಿ ಬಂದ ಹೊಸತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮನೆಗೆ ದೊಡ್ಡ ಟೀವಿ ತಂದಿದ್ದರು. ನನ್ನಿಂದ ಒಯ್ದ ಡೀವಿಡಿಯನ್ನು ಮೇಜಿನ ಮೇಲೆ ಇಟ್ಟು, ಬ್ಯಾಂಕಿನ ಕೌಂಟರಿನ ಆಚೆ ನಿಂತವರೊಡನೆ ಮಾತಾಡುವ ಅದೇ ದನಿಯಲ್ಲಿ ಹೇಳಿದರು.

“ನೋಡ್ರಿ ಅಕ್ಕಾರ, ಮ್ಯಾಲ ಒಂದು ಗೇಣು ಕರಿ ಪಟ್ಟಿ, ಕೆಳಗ ಒಂದು ಗೇಣು ಕರಿ ಪಟ್ಟಿ. ನಡುವ ಸಿನೆಮಾ, ಹೋಳಿಗ್ಯಾಗಿನ ಹೂರಣಧಂಗ. ನಾ ಟೀವಿ ಪೂರ್ತಾ ತಂದೇನಿ.”

ಥೇಟರಿನ ಪರದೆ ಉದ್ದ, ಟೀವಿ ಚೌಕ. ಇಡೀ ಚಿತ್ರ ಕಾಣಬೇಕೆಂದರೆ ಮೇಲೆ ಕೆಳಗೆ ಕರಿ ಬಿಡಲೇಬೇಕು, ಇನ್ನೊಂದು ಕಂಪನಿಯವರು ಟೀವಿ ತುಂಬಿಸಲು ಹೋಗಿ ಎರಡೂ ಬದಿಯನ್ನು ಕತ್ತರಿಸಿದ್ದಾರೆ, ಅದಕ್ಕೇ ನಾನು ಅದಕ್ಕೆ ಬರೀ ಮೂರು ಅಂಕ ಕೊಟ್ಟಿದ್ದು ಎಂದು ತಿಳಿಸಿ ಹೇಳಿದೆ.

“ತುಂಬಿದ್ದನ್ನೇ ಕೊಡ್ರಿ” ಅಂದರು. ಕೊಟ್ಟೆ.

ಆ ಸಿನಿಮಾದಲ್ಲಿ ಗಂಡ ಹೆಂಡತಿ ಉದ್ದನೆಯ ಊಟದ ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಜಗಳಾಡುವ ಒಂದು ದೊಡ್ಡ ದೃಶ್ಯವಿದೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವರು ಬಾಗಿಲಲ್ಲಿ ನಿಂತಿದ್ದರು. ದನಿ ಸ್ವಲ್ಪ ಇಳಿದಿತ್ತು.

“ಗಂಡನೂ ಇಲ್ಲ, ಹೆಂಡ್ತೀನೂ ಇಲ್ಲ. ಮೇಜಿನ ನಡುವ ಇಟ್ಟ ತಂಬಿಗಿ ಒಂದೇ ಹತ್ತು ಮಿನಿಟು ಜಗಳಾ ಮಾಡ್ತದ್ರಿ.”

ನಾನು ನಗು ತಡೆದುಕೊಂಡು ಕರಿ ಪಟ್ಟಿಯ ಡಿಸ್ಕನ್ನು ಮತ್ತೆ ಕೈಗಿತ್ತೆ. ಒಪ್ಪಿಕೊಂಡರು. ಆದರೂ ಹೋಗುವಾಗ ತಿರುಗಿ ನಿಂತು, ತಮ್ಮ ಟೀವಿಯ ಮರ್ಯಾದೆ ಉಳಿಸಿಕೊಂಡರು. “ಒಂದು ಮಾತು ಮಾತ್ರ ಹೇಳಬೇಕು ನೋಡ್ರಿ. ತಂಬಿಗಿ ಭಾಳ ಸ್ಪಷ್ಟ ಕಾಣ್ತಿತ್ತು.”

೪. ನಾನು ಅಂಕ ತಿದ್ದಿದ್ದು

ಆ ‘ಒಂದು ಸಲ’ದ ಕಥೆ ಇದು. ಧಾರವಾಡದಿಂದ ಸಂಗೀತ ಕಲಿಸುವ ಮಾಸ್ತರರೊಬ್ಬರು ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದರು. ಸಿನಿಮಾ ನೋಡುವವರಲ್ಲ, ಕೇಳುವವರು. ಟೀವಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೂಡುತ್ತಾರಂತೆ. ಹಳೆಯದೊಂದು ಸಂಗೀತಪ್ರಧಾನ ಸಿನಿಮಾದ ಎರಡು ಕಂಪನಿಯ ಡಿಸ್ಕುಗಳಿದ್ದವು. ಎರಡರ ಧ್ವನಿಗೂ ನಾನು ಒಂಬತ್ತು ಬರೆದಿದ್ದೆ. ಎರಡನ್ನೂ ಒಯ್ದರು.

ಮುಂದಿನ ವಾರ ಆಟೋದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡು ಬಂದಿಳಿದರು.

“ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ಇವೆರಡರಾಗ ಒಂದು ಸುಳ್ಳು ಹಾಡ್ಲಿಕ್ಕೆ ಹತ್ತೇದ.”

“ಒಬ್ಬಾಕೀನೇ ಹಾಡಿದ್ದಲ್ರೀ ಮಾಸ್ತರ? ಒಂದೇ ಹಾಡು, ಎರಡು ಡಿಸ್ಕು. ಸುಳ್ಳು ಹೆಂಗ ಆಗ್ತದ?” ನನ್ನ ದನಿ ಸ್ವಲ್ಪ ಏರಿತು. ಒಂಬತ್ತು ಕೊಟ್ಟಿದ್ದು ನಾನು.

ಅವರು ನೆಲದ ಮೇಲೆ ಕೂತು ಹಾರ್ಮೋನಿಯಂ ತೆರೆದು, ಮೊದಲ ಡಿಸ್ಕು ಹಾಕಲು ಹೇಳಿ, ಒಂದು ಸ್ವರದ ಮನೆ ಒತ್ತಿ ಹಿಡಿದರು. ಹಾಡೂ ಪೆಟ್ಟಿಗೆಯೂ ಒಂದೇ ಕೊರಳಾದವು. ಎರಡನೆಯದು ಹಾಕಿದೆ. ಅದೇ ಮನೆ ಒತ್ತಿದರು. ಇಬ್ಬರು ಅತ್ತಿಗೆ ನಾದಿನಿಯರು ಒಂದೇ ಕೋಣೆಯಲ್ಲಿ ಕೂತಂತೆ ಕೇಳಿಸಿತು. ನನ್ನ ಕಿವಿಗೂ ತಿಳಿಯಿತು, ಅಲ್ಲಿ ಹಾಡು ಒಂದಿಷ್ಟು ಮೇಲೆ ಹೋಗಿ ಕೂತಿತ್ತು.

ಎರಡು ಮಧ್ಯಾಹ್ನ ಕೂತು ಎರಡೂ ಡಿಸ್ಕುಗಳನ್ನು ದೃಶ್ಯಕ್ಕೆ ದೃಶ್ಯ ಹೋಲಿಸಿದೆ. ಒಂದು ದೃಶ್ಯವನ್ನೂ ಕತ್ತರಿಸಿಲ್ಲ, ಆದರೂ ಎರಡನೆಯದು ಆರು ನಿಮಿಷ ಮೊದಲೇ ಮುಗಿಯುತ್ತದೆ! ಡಿಸ್ಕು ಪ್ಲೇಯರ್ ರಿಪೇರಿ ಮಾಡುವವರನ್ನು ಕೇಳಿದ ಮೇಲೆ ಗುಟ್ಟು ಗೊತ್ತಾಯಿತು. ಸಿನಿಮಾ ರೀಲು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡಿದರೆ, ಈ ಡಿಸ್ಕನ್ನು ಇಪ್ಪತ್ತೈದು ಓಡುವಂತೆ ಮಾಡಿದ್ದಾರೆ. ನಡಿಗೆ ಚುರುಕಾದಂತೆ ದನಿಯೂ ಏರಿದೆ.

ಮಾಸ್ತರರು ಮತ್ತೆ ಬಂದಾಗ ಅವರ ಎದುರಿಗೇ ಕೆಂಪು ಪೆನ್ನು ತೆಗೆದು ಒಂಬತ್ತನ್ನು ಹೊಡೆದುಹಾಕಿ ಆರು ಬರೆದೆ. ತಪ್ಪನ್ನು ತಿದ್ದುವುದಕ್ಕೆ ಟೀಚರು ಹೆದರಿದರೆ ಹೇಗೆ? ಅವರು ಮಾತ್ರ ಗೆದ್ದ ಖುಷಿಯಲ್ಲಿರಲಿಲ್ಲ. ಕೊನೆಯ ದೃಶ್ಯದಲ್ಲಿ ನಾಯಕಿ ಹಾಡುತ್ತಲೇ ಪ್ರಾಣ ಬಿಡುತ್ತಾಳೆ.

“ಪಾಪ, ಅಕ್ಕಾರ” ಅಂದರು ಡಿಸ್ಕನ್ನು ಸವರುತ್ತ. “ಇದರೊಳಗ ಆಕಿ ಆರು ಮಿನಿಟು ಲಗೂ ಸಾಯ್ತಾಳ.”

ಕಾಯಿಪಲ್ಲೆಯ ಚೀಲ ಹಿಡಿದು ಇಷ್ಟು ಹೊತ್ತೂ ಪಾಳಿಗೆ ನಿಂತಿದ್ದ ಪಕ್ಕದ ಮನೆಯಾಕೆ ಥಟ್ಟನೆ ಕೈ ಚಾಚಿದಳು. “ನನಗ ಅದನ್ನೇ ಕೊಡ್ರಿ ಅಕ್ಕಾರ. ನಾಕಕ್ಕ ನಳದ ನೀರು ಬರ್ತೈತಿ.”

೫. ಹತ್ತಕ್ಕೆ ಹತ್ತು

ಧ್ವನಿಗೆ ಹತ್ತಕ್ಕೆ ಹತ್ತು ನಾನು ಒಂದೇ ಡಿಸ್ಕಿಗೆ ಕೊಟ್ಟೆ. ಒಂದು ಹೊಸ ಪತ್ತೇದಾರಿ ಡೀವಿಡಿ. ಎಲೆ ಅಲುಗಿದರೂ ಯಾವ ದಿಕ್ಕಿನಲ್ಲಿ ಎಂದು ತಿಳಿಯುವ ಧ್ವನಿ. ಕಥೆ ಹೇಳಿ ನೋಡುವವರ ರುಚಿ ಕೆಡಿಸಬಾರದು ಎಂಬುದು ನನ್ನ ನೇಮ, ಅದಕ್ಕೇ ಯಾರಿಗೂ ಯಾವ ಜಾತಿಯ ಸಿನಿಮಾ ಎಂದು ಕೂಡ ಹೇಳುತ್ತಿರಲಿಲ್ಲ. ‘ಧ್ವನಿ ಕೇಳ್ರಿ’ ಎಂದಷ್ಟೇ ಬಂದವರಿಗೆಲ್ಲ ಹೇಳಿ ಕೊಡುತ್ತಿದ್ದೆ.

ಬೆಂಗೇರಿಯ ಹಾರ್ಡ್‌ವೇರ್ ಅಂಗಡಿಯ ಮಾಲಕರು ಅದನ್ನು ಒಯ್ದು, ಮರುದಿನ ಹಾಕಿ ನೋಡಲು ಕೂತ ಕೂಡಲೇ ಫೋನು ಮಾಡಿದರು. “ಅಕ್ಕಾರ, ನಿಮ್ಮ ಹತ್ತಕ್ಕ ಹತ್ತು ಮೂಕ ಐತಲ್ರೀ! ಒಂದು ಮಾತೂ ಇಲ್ಲ.”

ನಾನು ಕೊಟ್ಟ ಆ ಒಂದೇ ಒಂದು ಹತ್ತು ಸುಳ್ಳಾದರೆ ಕೆಂಪು ಪೆನ್ನಿಗೆ ಏನು ಬೆಲೆ? ಡಿಸ್ಕನ್ನು ಇಲ್ಲಿಗೆ ತರುವುದು ಬೇಡ, ನಾನೇ ಬರುತ್ತೇನೆ ಎಂದು ಹೇಳಿ ಬೆಂಗೇರಿಗೆ ಹೋದೆ. ಪಡಸಾಲೆಯಲ್ಲಿ ಮಾಲಕರು, ಅವರ ಹೆಂಡತಿ ಟೀವಿಯ ಮುಂದೆ ಕೂತಿದ್ದರು. ಸಿನಿಮಾ ಮುಗಿಯುತ್ತ ಬಂದಿತ್ತು. ಖರೆ, ತೆರೆಯ ಮೇಲೆ ಒಬ್ಬ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಮಾತಿಲ್ಲ. ಪಿಟೀಲು ಮಾತ್ರ ಎರಡೂ ಬದಿಯಿಂದ ಸೊಗಸಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಮಲಗುವ ಕೋಣೆಯಿಂದ ಅವರ ಅಳಿಯ ಚೀಲ ಹೆಗಲಿಗೆ ಏರಿಸಿಕೊಂಡು, ಕಣ್ಣುಜ್ಜುತ್ತ ಓಡಿ ಬಂದರು. “ಗಾಡಿ ಬಂದೇ ಬಿಡ್ತಲ್ಲಾ! ಯಾಕ ಯಾರೂ ಎಬ್ಬಸಲಿಲ್ಲ?”

ತೆರೆಯ ಮೇಲೆ ರೈಲೊಂದು ಹಾದುಹೋಗುತ್ತಿತ್ತು. ಪಡಸಾಲೆಯಲ್ಲಿ ಅದರ ಸದ್ದೇ ಇಲ್ಲ.

“ಸ್ಪೀಕರ್ ಎಲ್ಲೆಲ್ಲಿ ಇಟ್ಟೀರಿ?” ಎಂದು ಕೇಳಿದೆ.

ಮಾಲಕರು ಹೆಮ್ಮೆಯಿಂದ ಎಣಿಸಿದರು. “ಐದು ಕೊಟ್ಟಾರ್ರೀ. ಎರಡು ಇಲ್ಲೆ. ಒಂದು ಅಳಿಯಂದ್ರ ಕೋಣ್ಯಾಗ, ಒಂದು ಹಿತ್ತಲದಾಗ. ನಡುವಿಂದು ಅಂತ ಒಂದಿತ್ತು, ಅದನ್ನ ನಮ್ಮವ್ವಗ ಅಡಿಗಿಮನ್ಯಾಗ. ಮನ್ಯಾಗ ಎಲ್ಲಾರೂ ಕೇಳಬೇಕಲ್ರೀ, ಒಬ್ಬರೇ ಇಟಗೊಂಡು ಕುಂದ್ರೂದು ಛಲೋ ಅಲ್ಲ.”

ಅಡಿಗೆಮನೆಗೆ ಹೋಗಿ ನೋಡಿದೆ. ಅವರ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಉಪ್ಪಿನಕಾಯಿ ಭರಣಿಗಳ ನಡುವೆ ಇದ್ದ ಸ್ಪೀಕರಿಗೆ ಕಿವಿಗೊಟ್ಟು ಕೂತಿದ್ದರು. ಇಡೀ ಸಿನಿಮಾದ ಮಾತೆಲ್ಲ ಅಲ್ಲಿ ಹರಿಯುತ್ತಿತ್ತು. ಡೀವಿಡಿಯಲ್ಲಿ ಮಾತು ಬರುವುದು ನಡುವಿನ ಸ್ಪೀಕರಿಗೇ, ಅದು ಟೀವಿಯ ಹತ್ತಿರ ಇರಬೇಕು ಎಂದು ಹೊರಗೆ ಬಂದು ಹೇಳಿದೆ. ಮಾಲಕರು ಕೂಡಲೇ ಅದರ ವೈರು ಕಿತ್ತರು.

ಹಿಟ್ಟಿನ ಕೈಯಲ್ಲೇ ಅಜ್ಜಿ ಪಡಸಾಲೆಗೆ ನುಗ್ಗಿದರು. “ಯಾಂವ ಅಂವ ವೈರ್ ಕಿತ್ತಾಂವ? ಕೊಲಿ ಮಾಡಿದವರು ಯಾರಂತ ಹೇಳಾಕ ಈಗರ ಬಾಯಿ ತಗದಿದ್ದ!”

ಮಾಲಕರು ಹೆಂಡತಿಯ ಮುಖ ನೋಡಿದರು. “ಕೊಲಿ? ಯಾವ ಕೊಲಿ ಯವ್ವಾ?”

“ಮೂರು ಹೆಣಾ ಬಿದ್ದಾವಲ್ಲೋ! ಪೊಲೀಸಪ್ಪ ಮನಿ ಮನಿ ಅಡ್ಡಾಡಿ ಕೇಳಾಕತ್ತಾನ. ನೀವು ಇಲ್ಲೆ ಕುಂತು ಏನು ನೋಡಾಕತ್ತೀರಿ?”

“ಅಂವ ಪೊಲೀಸನಾ?” ಅಜ್ಜಿಯ ಸೊಸೆ, ಮಾಲಕರ ಹೆಂಡತಿ, ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಛಲೋ ಅಂಗಿ ತೊಟ್ಟು ಮನಿ ಮನಿಗೆ ಹೋಗ್ತಾನ, ಚಹಾ ಕುಡೀತಾನ, ಹುಡುಗ್ಯಾರನ್ನ ಎದರಿಗೆ ಕುಂದ್ರಿಸಿ ಮಾತಾಡಸ್ತಾನ. ಕನ್ಯಾ ನೋಡಾಕ ಹೊಂಟಾನ ಅನಕೊಂಡಿದ್ವಿ ನಾವು!”

ಸ್ಪೀಕರನ್ನು ತಂದು ಟೀವಿಯ ಮೇಲೆ ಇಟ್ಟು, ವೈರು ಜೋಡಿಸಿ, ಸಿನಿಮಾವನ್ನು ಸ್ವಲ್ಪ ಹಿಂದಕ್ಕೆ ಓಡಿಸಿದೆ. ಹತ್ತಕ್ಕೆ ಹತ್ತು ಧ್ವನಿ ಇಡೀ ಪಡಸಾಲೆ ತುಂಬಿತು. ಪತ್ತೇದಾರ ನೇರವಾಗಿ ಹಸಿರು ಸೀರೆಯ ಹುಡುಗಿಯ ಕಡೆಗೆ ಬೆರಳು ಮಾಡಿ, “ಮೂರೂ ಕೊಲೆ ಮಾಡಿದವಳು ಇವಳೇ” ಎಂದ.

ಸೊಸೆ ಗಂಡನ ಕಡೆಗೆ ತಿರುಗಿದರು. “ಯವ್ವಾ! ಒಂದು ತಾಸಿನಿಂದ ನಾವಿಬ್ಬರೂ ‘ಆಕಿನ್ನೇ ಒಪ್ಪಕೋ, ಆಕೀನೇ ಸಂಭಾವಿತ ಅದಾಳ’ ಅಂತ ಅಂವಗ ಹೇಳಾಕತ್ತೀವಲ್ರೀ! ನಮ್ಮ ಸಣ್ಣ ಮೈದುನಗ ಹಿಂತಾದ ಹುಡುಗಿ ಸಿಗಬೇಕು ಅಂತನೂ ಮಾತಾಡಿದ್ವಿ.”

ಅಜ್ಜಿ ಮಗನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಕೈಯ ಹಿಟ್ಟು ಉದುರಿಸುತ್ತ ಒಲೆಯ ಕಡೆಗೆ ನಡೆದು, ಅಲ್ಲಿಂದಲೇ ತೀರ್ಪು ಹೇಳಿದರು.

“ಐತವಾರ ಸಣ್ಣಾಂವಗ ಕನ್ಯಾ ನೋಡಾಕ ನಾ ಒಬ್ಬಾಕೀನೇ ಹೋಗ್ತೇನಿ. ನೀವಿಬ್ಬರೂ ಮನ್ಯಾಗ ಇರ್ರಿ.”