ಇಡೀ ವಂಶಕ್ಕೆ ನನ್ನ ಫೋನ್ ನಂಬರು

ಒಬ್ಬಳೇ ಇರುವವಳ ಫೋನು ಬಹಳ ಮರ್ಯಾದಸ್ಥ ವಸ್ತು. ಸುಮ್ಮಸುಮ್ಮನೆ ಬಾಯಿ ಬಿಡುವುದಿಲ್ಲ. ಬಾಗಲಕೋಟೆಯಿಂದ ಬಂದು ಬಿಟಿಎಂ ಲೇಔಟಿನ ಒಂದು ಮನೆಯ ಮೇಲಿನ ಕೋಣೆ ಹಿಡಿದ ಮೇಲೆ ನನ್ನನ್ನು ನೆನೆಯುವವರು ಓಟಿಪಿ ಕಳಿಸುವವರು, ಸೈಟು ಮಾರುವವರು, ಇಷ್ಟೇ. ಊರಿನಿಂದ ಅಣ್ಣ ಭಾನುವಾರಕ್ಕೊಮ್ಮೆ "ಊಟ ಆತೇನು?" ಎಂದು ಕೇಳುತ್ತಾನೆ, ನಾನು ಏನು ಉಂಡೆನೆಂದು ಹೇಳುವಷ್ಟರಲ್ಲಿ ಇಟ್ಟುಬಿಡುತ್ತಾನೆ.

ಜೆ.ಪಿ. ನಗರದ ಒಂದು ಚಿಕ್ಕ ಕಂಪನಿಯಲ್ಲಿ ನಾನು ಟೆಸ್ಟರ್. ಕುಟುಂಬಗಳ ಆರೋಗ್ಯದ ವಿವರ ಇಡುವ ವೆಬ್ ಅಪ್ಲಿಕೇಶನ್ ನಮ್ಮದು. ಅದನ್ನು ಪರೀಕ್ಷಿಸಲು ನಿಜವಾದ ಜನರ ವಿವರ ಬಳಸುವಂತಿಲ್ಲ, ಸುಳ್ಳು ಜನರನ್ನು ನಾವೇ ಹುಟ್ಟಿಸಬೇಕು. ತೊಂದರೆಯೆಂದರೆ ಒಬ್ಬ ರೋಗಿಯನ್ನು ಒಂಟಿಯಾಗಿ ಹುಟ್ಟಿಸಲು ಆಗದು. ಅವನಿಗೊಂದು ಕುಟುಂಬ ಬೇಕು, ಕುಟುಂಬಕ್ಕೊಬ್ಬರು ಯಜಮಾನರು, ಅವರಿಗೊಂದು ವಿಳಾಸ. ಒಂದು ಕೊಂಡಿ ತಪ್ಪಿದರೂ ಕಂಪ್ಯೂಟರು ಕೆಂಪು ಅಕ್ಷರದಲ್ಲಿ, ದಿಕ್ಕಿಲ್ಲದ ಈ ಮನುಷ್ಯನನ್ನು ಉಳಿಸಿಕೊಳ್ಳಲಾರೆ ಎಂದು ತಿರಸ್ಕರಿಸುತ್ತದೆ. ನಾನಾಗಿದ್ದರೆ ಮೊದಲ ಪುಟದಲ್ಲೇ ಫೇಲು.

ಹಾಗಾಗಿ ಒಂದು ಮನೆತನವನ್ನೇ ಕಟ್ಟಿದೆ. ಯಜಮಾನಿ ರಂಗಮ್ಮ, ಮಂಡಿನೋವು. ಮಗ, ಸೊಸೆ, ಮೊಮ್ಮಕ್ಕಳು, ಅರೆಕೆರೆಯಲ್ಲಿ ಮನೆ. ಇಷ್ಟು ಸಾಕಿತ್ತು. ಆದರೆ ಕೈ ನಿಲ್ಲಲಿಲ್ಲ, ದೊಡ್ಡ ಮೊಮ್ಮಗಳಿಗೆ ಕನ್ನಡಕ ಹಾಕಿಸಿದೆ, ಸೊಸೆಗೆ ತವರಿನಲ್ಲಿ ಒಬ್ಬ ತಂಗಿಯನ್ನು ಕೊಟ್ಟೆ. ಸಂದೇಶಗಳು ಗುರುತಿಲ್ಲದವರಿಗೆ ಹೋಗದಿರಲೆಂದು ಎಲ್ಲರಿಗೂ ನನ್ನದೇ ಫೋನ್ ನಂಬರು ಬರೆದೆ. ಹುಟ್ಟಿದ ದಿನ ಮಾತ್ರ ಯೋಚಿಸದೆ ಎಲ್ಲರಿಗೂ ಒಂದೇ ಇಟ್ಟೆ.

ಒಂದು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೆಳಗ್ಗೆಯೇ ಆಫೀಸಿನಲ್ಲಿ ಸಹೋದ್ಯೋಗಿ ಪ್ರಶಾಂತ ಹುಟ್ಟುಹಬ್ಬದ ಶುಭಾಶಯ ಕಳಿಸುವ ಭಾಗವನ್ನು ಪರೀಕ್ಷೆಗೆ ಬಿಟ್ಟ. ನನ್ನ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ರಂಗಮ್ಮನವರಿಗೆ, ಮಗನಿಗೆ, ಸೊಸೆಗೆ, ಕನ್ನಡಕದವಳಿಗೆ, ಮುಗಿಯಿತೆಂದರೆ ಮತ್ತೆ ರಂಗಮ್ಮನವರಿಂದ. ಹಿಂದೆಯೇ ಪ್ರಶಾಂತನ ಕರೆ. "ಮೇಡಂ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ರೂ ಇವತ್ತೇ ಹುಟ್ಟಿದ್ದಾರಲ್ಲ! ನಿಲ್ಸೋದು ಹೇಗೆ?"

ಅಷ್ಟರಲ್ಲಿ ಕೆಳಗಿನಿಂದ ಮನೆ ಓನರ್ ಸರೋಜಾ ಆಂಟಿ ಮೆಟ್ಟಿಲು ಹತ್ತಿ ಬಂದರು. ಅಲ್ಲಿಯವರೆಗೆ ನಮ್ಮ ಸಂಬಂಧ "ಗೇಟ್ ಹಾಕಮ್ಮ", "ನೀರು ಬಂತಾ?" ಎಂಬಲ್ಲಿಗೆ ನಿಂತಿತ್ತು.

"ಏನಮ್ಮಾ, ಬೆಳಗ್ಗಿಂದ ಫೋನು ಕುಯ್ಯೋ ಅಂತಿದೆ? ಬರ್ತ್‌ಡೇನಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆಂಟಿಯ ಮುಖ ಆಗಲೇ ಅರಳಿತ್ತು. "ಹೌದ್ರೀ ಆಂಟಿ" ಎಂದುಬಿಟ್ಟೆ.

"ಅಯ್ಯೋ, ಹೇಳ್ಬಾರ್ದಾ! ಎಷ್ಟೊಂದು ಜನ ನೆನೆಸ್ಕೊಳ್ತಾರೆ ನಿನ್ನ! ಬಾ ಕೆಳಗೆ, ಕೇಸರಿಬಾತ್ ಮಾಡ್ತೀನಿ."

ಆ ಮಧ್ಯಾಹ್ನ ಬಾಳೆ ಎಲೆಯ ಮುಂದೆ ಕುಳಿತು ಎರಡು ಸಲ ಬಡಿಸಿಕೊಂಡೆ. ಆಂಟಿ ತಮ್ಮ ಮದುವೆ ಫೋಟೋ ತೋರಿಸಿದರು, ಬಾಯಿ ತುಂಬ ಮಾತಾಡಿದರು. ಮೇಲೆ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ನಿಲ್ಲಿಸುವ ಬಗೆಯನ್ನು ಪ್ರಶಾಂತನಿಗೆ ಸಂಜೆ ಹೇಳಿದೆ.

ನನ್ನ ನಿಜವಾದ ಹುಟ್ಟುಹಬ್ಬ ಬಂದದ್ದು ಕಾರ್ತಿಕದಲ್ಲಿ. ಫೋನು ತನ್ನ ಮರ್ಯಾದೆ ಕಾಪಾಡಿಕೊಂಡಿತ್ತು. ಆಂಟಿಗೆ ಹೇಳುವಂತಿರಲಿಲ್ಲ, ವರ್ಷಕ್ಕೆರಡು ಸಲ ಹುಟ್ಟುವ ಬಾಡಿಗೆದಾರಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಸಾರಕ್ಕಿ ಸಿಗ್ನಲ್ ಹತ್ತಿರ ಮೈಸೂರ್ ಪಾಕ್ ಕಟ್ಟಿಸಿಕೊಂಡು ಬಂದು ಅವರ ಬಾಗಿಲು ತಟ್ಟಿದೆ.

"ಏನಮ್ಮಾ ವಿಶೇಷ?"

"ನನ್ನ ಫ್ರೆಂಡ್ ಬರ್ತ್‌ಡೇ ರೀ ಆಂಟಿ."

"ಎಲ್ಲಿದ್ದಾಳೆ ಅವಳು?"

"ಇಲ್ಲೇ, ಬಿಟಿಎಂನಾಗ. ಒಬ್ಬಾಕೇ ಇರ್ತಾಳ್ರೀ."

"ಒಬ್ಳೇನಾ? ಕರ್ಕೊಂಡ್ ಬರೋದಲ್ವಾ, ಪಾಪ!"

"ಆಕಿಗೆ ಸಂಕೋಚ ಜಾಸ್ತಿ ರೀ" ಎಂದೆ.

ಆಂಟಿ ಒಳಗೆ ಹೋಗಿ ಒಂದು ಡಬ್ಬಿಯಲ್ಲಿ ಬಿಸಿ ಅವರೆಕಾಳು ಉಪ್ಪಿಟ್ಟು ತುಂಬಿ ತಂದು ನನ್ನ ಕೈಗಿಟ್ಟರು. "ಅವಳಿಗೆ ಕೊಡು. ದಾರೀಲಿ ನೀನೇ ತಿಂದ್ಬಿಟ್ಟೀಯ ಮತ್ತೆ!"

ಅವರ ಮಾತು ಮೀರಲಿಲ್ಲ. ಮೆಟ್ಟಿಲು ಹತ್ತಿ ಹೋಗಿ, ಬಾಗಿಲು ಹಾಕಿಕೊಂಡು, ಅವಳಿಗೇ ಕೊಟ್ಟೆ.