ಚೀನೀ ಓದುವ ಪುಕ್ಕಟೆ ದನಿ

ಗಂಡ: ಇದು ಚೀನೀ ಭಾಷೆಯೇ ಅಲ್ಲ. ನಿಲ್ಲಿಸು ಅದನ್ನ!

ಹೆಂಡತಿ: ಮೊನ್ನೆಯದೂ ಬೇಡ ಅಂದ್ರಿ, ನಿನ್ನೆಯದೂ ಬೇಡ ಅಂದ್ರಿ. ಇದು ಮೂರನೇದು. ಇನ್ನು ಚೀನಾ ದೇಶಾನೇ ಎತ್ಕೊಂಡು ಬಂದು ಮಂಚದ ಪಕ್ಕ ಕೂರಿಸ್ಲಾ?

ಗಂಡ ಚೀನೀ ಕಾದಂಬರಿಗಳ ಅನುವಾದಕ. ಇಪ್ಪತ್ತೆರಡು ಪುಸ್ತಕಗಳು ಅವನ ಹೆಸರಿನಲ್ಲಿ ಬಂದಿವೆ. ಈಗ ಶಸ್ತ್ರಚಿಕಿತ್ಸೆಯಾಗಿ ಎರಡೂ ಕಣ್ಣಿಗೆ ಪಟ್ಟಿ ಬಿದ್ದಿದೆ. ಒಂದು ತಿಂಗಳು ಓದುವ ಹಾಗಿಲ್ಲ. ಇಪ್ಪತ್ತಮೂರನೆಯ ಪುಸ್ತಕದಲ್ಲಿ ಇನ್ನೂ ಮೂವತ್ತು ಪುಟ ಉಳಿದಿದೆ. ಸೋಮವಾರದೊಳಗೆ ಮುಗಿಸದಿದ್ದರೆ ಪ್ರಕಾಶಕರು ಅದನ್ನು ಬೇರೊಬ್ಬ ಅನುವಾದಕನಿಗೆ ಕೊಡುತ್ತಾರೆ, ಮುಖಪುಟದ ಮೇಲೆ ಆ ಇನ್ನೊಬ್ಬನ ಹೆಸರೂ ಬೀಳುತ್ತದೆ. ಅದೊಂದನ್ನು ಈ ಮಹಾಶಯ ಸತ್ತರೂ ಸಹಿಸುವವನಲ್ಲ. ಅದಕ್ಕೇ ಚೀನೀ ಬರಹವನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಬೇಕು, ಅದೂ ಪುಕ್ಕಟೆ ಸಿಗಬೇಕು.

ಹುಡುಕುವ ಕೆಲಸ ಹೆಂಡತಿಯ ತಲೆಗೆ ಬಿದ್ದಿದೆ. ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತಳಾದವಳು ಆಕೆ.

ಹೆಂಡತಿ: ಮೊದಲನೇದಕ್ಕೆ ಏನಾಗಿತ್ತು?

ಗಂಡ: ಎರಡು ಸಾಲು ಓದಿ ದುಡ್ಡು ಕೇಳ್ತು.

ಹೆಂಡತಿ: ಎರಡನೇದಕ್ಕೆ?

ಗಂಡ: ನೆಗಡಿ ಆದವರ ಹಾಗೆ ಓದ್ತಿತ್ತು.

ಹೆಂಡತಿ: ಸರಿ, ಇದಕ್ಕೇನು ರೋಗ?

ಗಂಡ: ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡುತ್ತೆ.

ಅವಳು ಓದುವ ವೇಗ ತಗ್ಗಿಸಿದಳು. ಯಂತ್ರದ ಹೆಣ್ಣುದನಿ ಒಂದೊಂದೇ ಪದವನ್ನು ನಿಧಾನವಾಗಿ ಒಪ್ಪಿಸತೊಡಗಿತು.

ಗಂಡ: ಈಗ ತೂಕಡಿಸ್ತಾ ಇದೆ.

ಹೆಂಡತಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಗಂಡ: ಗಾದೆ ಬೇಡ ನನಗೆ. ಶುದ್ಧ ಉಚ್ಚಾರಣೆ ಬೇಕು!

ಹೆಂಡತಿ: ಕೆಳಗಿನ ಮನೆ ಹಲ್ಲಿನ ಡಾಕ್ಟರಮ್ಮನ ಮನೆಮಾತು ಚೀನೀನೇ ತಾನೆ? ಬೆಳಿಗ್ಗೆ ಏಣಿ ವಾಪಸ್ ಕೊಡೋಕೆ ಬಂದವರು ಇದನ್ನ ಕೇಳ್ತಾ ಬಾಗಿಲಲ್ಲೇ ನಿಂತ್ರು. ಕಣ್ಣೊರೆಸಿಕೊಂಡ್ರು. ಕಾದಂಬರೀಲಿ ಮುದುಕ ಸಾಯೋ ಭಾಗವಂತೆ. ಒಂದೊಂದು ಮಾತೂ ಸ್ಪಷ್ಟವಾಗಿದೆಯಂತೆ.

ಗಂಡ: ಅವರು ಬೇಗ ಅಳೋ ಪೈಕಿ ಇರಬೇಕು.

ಹಾಗೆನ್ನುತ್ತ ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

ಹೆಂಡತಿ: ಕೋರ್ಟಲ್ಲಿ ಸುಳ್ಳು ಹೇಳೋರು ಕಾಲರ್ ಸರಿಮಾಡ್ಕೋತಿದ್ರು. ನೀವು ಹೊದಿಕೆ. ನಿಜ ಹೇಳಿ, ಏನು ಸಮಾಚಾರ?

ಗಂಡ: ನಾನು ಚೀನೀ ಕಲಿತದ್ದು ನಿಘಂಟು ಇಟ್ಕೊಂಡು. ಅಕ್ಷರ ನೋಡಿದ ತಕ್ಷಣ ಅರ್ಥ ಹೊಳೆಯುತ್ತೆ. ಆದ್ರೆ ಅದನ್ನ ಬಾಯಲ್ಲಿ ಹೇಗೆ ಹೇಳ್ತಾರೆ ಅಂತ... ಕಿವಿಯಾರೆ ಕೇಳೇ ಇಲ್ಲ.

ಹೆಂಡತಿ: ಇಷ್ಟು ವರ್ಷದಲ್ಲಿ ಒಂದು ಸಲಾನೂ?

ಗಂಡ: ಯಾರನ್ನಾದ್ರೂ ಕೇಳಿದ್ರೆ ನನಗೆ ಗೊತ್ತಿಲ್ಲ ಅಂತ ಗೊತ್ತಾಗಿಬಿಡ್ತಿತ್ತಲ್ಲ!

ಅವಳು ಮೇಜು ಹಿಡಿದುಕೊಂಡು ನಕ್ಕಳು. ಪಟ್ಟಿಯ ಕೆಳಗೆ ಸಪ್ಪಗಾದ ಅವನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿದ್ದೂ ನಿಜ. ಆದರೆ ನಗು ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಹೆಂಡತಿ: ಆಗಿದ್ದಾಯ್ತು. ಬೆಳಿಗ್ಗೆಯೇ ಅನುಮಾನ ಬಂದು ಕೇಳಿದ್ದೆ, ಡಾಕ್ಟರಮ್ಮ ದಿನಾ ಸಂಜೆ ಬರೋಕೆ ಒಪ್ಪಿದಾರೆ. ಯಂತ್ರ ಓದಲಿ, ಅವರು ಅರ್ಥ ಹೇಳಲಿ, ನೀವು ವಾಕ್ಯ ಕಟ್ಟಿ, ನಾನು ಟೈಪ್ ಮಾಡ್ತೀನಿ. ಭಾನುವಾರಕ್ಕೆ ಮುಗಿಯುತ್ತೆ.

ಗಂಡ ದಡಬಡಿಸಿ ಎದ್ದು ಕೂತ.

ಗಂಡ: ಅದಕ್ಕೆ ಅವರು ಏನು ಕೇಳ್ತಾರಂತೆ?

ಹೆಂಡತಿ: ಏನೂ ಇಲ್ಲ. ಕಥೆ ಪೂರ್ತಿ ಕೇಳಬೇಕಂತೆ, ಅಷ್ಟೇ.

ಗಂಡ: ಪುಕ್ಕಟೆ! ಹಾಗಾದ್ರೆ ಮುಖಪುಟದಲ್ಲಿ ನನ್ನದೊಂದೇ ಹೆಸರು!

ಹೆಂಡತಿ: ಎರಡು.

ಗಂಡ: ಈಗ ತಾನೇ ಏನೂ ಕೇಳಲ್ಲ ಅಂದ್ಯಲ್ಲ?

ಹೆಂಡತಿ: ಅವರು ಕೇಳಲಿಲ್ಲ. ಕೇಳ್ತಿರೋದು ನಾನು.

ಗಂಡ: ನೀನಾ? ನೀನೇನು ಮಾಡಿದೆ?

ಅವಳು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.

ಹೆಂಡತಿ: ಇಪ್ಪತ್ತೆರಡು ಪುಸ್ತಕ ನೀವು ಹೇಳಿದ್ರಿ, ನಾನು ಟೈಪ್ ಮಾಡಿದೆ, ತಪ್ಪು ತಿದ್ದಿದೆ. ಈ ಮನೇಲಿ ಕೊಸರಾಡದೆ ನಡೆದ ಪುಕ್ಕಟೆ ಸಾಫ್ಟ್‌ವೇರ್ ನಾನೊಬ್ಬಳೇ ಕಣ್ರೀ. ಅದರ ಪುಕ್ಕಟೆ ಅವಧಿ ಇವತ್ತಿಗೆ ಮುಗೀತು.